ಮೂರೂವರೆ ನಿಮಿಷದ ಕೇಸರಬಾಯಿ: ಮರುಬಿಡುಗಡೆಯ ಎರಡು ದಾರಿ

ನಾವು ಕೂತಿರೋ ಉಸಗಾಂವ ಫೋಂಡಾ ತಾಲೂಕಿನದು. ಕೇಸರಬಾಯಿ ಕೇರಕರ್ 1892ರಲ್ಲಿ ಹುಟ್ಟಿದ ಕೇರಿ ಗ್ರಾಮವೂ ಇದೇ ತಾಲೂಕಿನದು. 1977ರಲ್ಲಿ ವಾಯೇಜರ್ ನೌಕೆಗಳು ಒಯ್ದ ಚಿನ್ನಲೇಪಿತ ಧ್ವನಿತಟ್ಟೆಯಲ್ಲಿ ಭಾರತದ ಸಂಗೀತ ಅಂತ ಇರೋದು ಅವರ ಭೈರವಿಯೊಂದೇ, ಸುಮಾರು ಮೂರೂವರೆ ನಿಮಿಷ. ಅದರಲ್ಲೇ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಧ್ವನಿಮುದ್ರಿಸಿದ, ಪದಗಳಿಲ್ಲದ ಬ್ಲೂಸ್ ಹಾಡೂ ಇದೆ.

2017ರಲ್ಲಿ ಓಜ್ಮಾ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ, ಆಸಕ್ತರಿಂದ ಮುಂಗಡ ಹಣ ಕೂಡಿಸಿ, ಈ ತಟ್ಟೆಯ ಸಂಗೀತವನ್ನು ಮತ್ತೆ ಹೊರತಂದಿತು. ಮರುವರ್ಷ ಗ್ರ್ಯಾಮಿ ಬಂತು. ಯಾವುದಕ್ಕೆ? ಪೆಟ್ಟಿಗೆಯ ವಿನ್ಯಾಸಕ್ಕೆ.

ಇನ್ನೊಂದು ದಾರಿ, ಜಾನಿ ಪಾರ್ಟ್ ಆಸ್ಟ್ರಿಯಾದಲ್ಲಿ ಕಟ್ಟಿದ ಡಾಕ್ಯುಮೆಂಟ್ ರೆಕಾರ್ಡ್ಸ್‌ನದು. ಹಳೇ ಬ್ಲೂಸ್ ಗಾಯಕರ ಸಿಕ್ಕ ತಟ್ಟೆಗಳನ್ನೆಲ್ಲ ಕಾಲಾನುಕ್ರಮದಲ್ಲಿ ಕೊಡಬೇಕು ಅನ್ನೋದು ಅದರ ಪಟ್ಟು. ಸವೆದ ತಟ್ಟೆಯ ಗರಗರ ಸದ್ದೂ ಜೊತೆಗೇ ಬರುತ್ತೆ. ಕೇಳೋಕೆ ದಣಿವು, ಹೋಲಿಸೋಕೆ ಅನುಕೂಲ.

ಹೋಲಿಕೆ ಯಾಕೆ ಬೇಕು ನೋಡಿ. 1927ರಿಂದ 1930ರವರೆಗೆ ಜಾನ್ಸನ್ ಮುದ್ರಿಸಿದ 30 ಹಾಡುಗಳನ್ನು ಸಾಲಾಗಿ ಕೇಳಿದಾಗಲೇ ಆ ಪದವಿಲ್ಲದ ಹಾಡು ಎಷ್ಟು ಬೇರೆ ಅಂತ ತಿಳಿಯೋದು. ಉಳಿದ ಎಷ್ಟೋ ಕಡೆ ಅವರದು ಒರಟು ದನಿಯ ಧರ್ಮಬೋಧೆ. ಕೇಸರಬಾಯಿಯೂ ಹಾಗೆಯೇ. ಅಲ್ಲಾದಿಯಾ ಖಾನರ ಈ ಶಿಷ್ಯೆಯ ಹೆಸರು ನಿಂತಿರೋದು ಖಯಾಲಿನ ಸಾವಧಾನದ ವಿಸ್ತಾರದ ಮೇಲೆ. ಒಂದು ಪುಟ್ಟ ಭೈರವಿ ಅದನ್ನು ಹೇಳಲಾರದು.

ನನ್ನ ವಾದ ಇಷ್ಟೇ: ಆಯ್ಕೆ ಹೆಸರನ್ನು ಉಳಿಸುತ್ತೆ, ಅನುಕ್ರಮ ಗಾಯನವನ್ನು ಉಳಿಸುತ್ತೆ. ಕೇರಿಯ ಹೆಸರು ಸೌರಮಂಡಲ ದಾಟುವ ಹಾದಿ ಹಿಡಿದಿದೆ. ಇಲ್ಲಿ ಕೂತು ಓದೋ ನಮಗೆ ಬೇಕಿರೋದು ಎರಡನೆಯದು.