ಐದೆಕರೆ ಅಗ್ಗ, ನೀರಿನ ಹಕ್ಕು ಎಲ್ಲಿ?

ಹೊಲದಲ್ಲೇ ಮನೆ ಕಟ್ಟಿ, ತರಕಾರಿ ಬೆಳೆದು, ನಾಲ್ಕು ಮೇಕೆ ಸಾಕಿಕೊಂಡು ಬದುಕಬೇಕೆಂದು ಹೊರಟ ಅಮೆರಿಕನ್ನರು ಮೊದಲು ಕೇಳುವುದು ಜಮೀನಿನ ಬೆಲೆಯನ್ನು. ಬೆಲೆಯ ಬೆನ್ನು ಹತ್ತಿದವರಿಗೆ ಇಂದಲ್ಲ ನಾಳೆ ಕೊಲೊರಾಡೊ ರಾಜ್ಯದ ದಕ್ಷಿಣ ಅಂಚಿನಲ್ಲಿರುವ ಕೊಸ್ಟೀಯ ಕೌಂಟಿ ಎದುರಾಗುತ್ತದೆ. 160 ಎಕರೆಯನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆ ಅಲಾಸ್ಕ ಬಿಟ್ಟು ಉಳಿದೆಡೆ 1976ರಲ್ಲೇ ಮುಗಿಯಿತು. ಆದರೂ ಕೊಸ್ಟೀಯದಲ್ಲಿ ಐದೆಕರೆಯ ನಿವೇಶನ ಕೆಲವೇ ಸಾವಿರ ಡಾಲರಿಗೆ ಸಿಗುತ್ತದೆ.

ಇಷ್ಟೊಂದು ಅಗ್ಗವೇಕೆ ಎಂಬುದನ್ನು ಅಲ್ಲಿನ ಬಯಲೇ ಹೇಳುತ್ತದೆ. ಸಾನ್ ಲೂಯಿಸ್ ಕಣಿವೆಯ ಈ ನೆಲ ಸಮುದ್ರಮಟ್ಟದಿಂದ ಸುಮಾರು 8,000 ಅಡಿ ಎತ್ತರದಲ್ಲಿದೆ. ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎರಡನ್ನೂ ಕೂಡಿಸಿದರೂ ಇನ್ನೂರು ಮಿಲಿಮೀಟರಿನ ಆಸುಪಾಸು. ನಮ್ಮ ಬರದ ಸೀಮೆ ಚಳ್ಳಕೆರೆಯಲ್ಲೂ ಇದರ ಎರಡು ಪಟ್ಟು ಮಳೆಯಾಗುತ್ತದೆ. ವರ್ಷದಲ್ಲಿ ಇಬ್ಬನಿ ಹೆಪ್ಪುಗಟ್ಟದ ದಿನಗಳು ಸುಮಾರು ತೊಂಬತ್ತು. ಬಾರ್ಲಿ, ಆಲೂಗಡ್ಡೆ ಒಪ್ಪುವ ಹವೆ ಇದು. ಟೊಮೆಟೊ ಬೇಕೆಂದರೆ ಗಾಜಿನ ಮನೆಯನ್ನೋ ಪ್ಲಾಸ್ಟಿಕ್ ಹೊದಿಕೆಯನ್ನೋ ನೆಚ್ಚಬೇಕು. ಚಳಿಗಾಲದ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಮಾಮೂಲು. ವಸಂತದ ಗಾಳಿ ಹೊಸ ಸಸಿಯನ್ನು ನೆಲಕ್ಕೊರಗಿಸುತ್ತದೆ. ಬಿಸಿಲಿಗೆ ಮಾತ್ರ ಬರವಿಲ್ಲ, ಸೌರಫಲಕ ಹಾಕಿದವರಿಗೆ ವಿದ್ಯುತ್ತಿನ ಚಿಂತೆ ಅಷ್ಟಿಲ್ಲ.

ಚಳಿಗೆ ಕಟ್ಟಿಗೆಯುಂಟು, ಗಾಳಿಗೆ ಗೋಡೆಯುಂಟು. ಬಗೆಹರಿಯದೆ ಉಳಿಯುವುದು ನೀರು.

ಕೊಲೊರಾಡೊದಲ್ಲಿ ನೆಲ ಕೊಂಡವನಿಗೆ ಅದರಡಿಯ ನೀರು ತಾನಾಗಿ ಬರುವುದಿಲ್ಲ. ನೀರನ್ನು ಮೊದಲು ಬಳಸಿದವನಿಗೆ ಮೊದಲ ಹಕ್ಕು, ಉಳಿದವರಿಗೆ ಸರದಿ. 35 ಎಕರೆಗಿಂತ ಚಿಕ್ಕ ನಿವೇಶನಕ್ಕೆ ಸಿಗುವ ಬಾವಿಯ ಪರವಾನಗಿ ಸಾಮಾನ್ಯವಾಗಿ ಮನೆಯೊಳಗಿನ ಬಳಕೆಗಷ್ಟೇ: ಕುಡಿಯಬಹುದು, ಅಡುಗೆ ಮಾಡಬಹುದು, ಮೀಯಬಹುದು. ಅದೇ ಬಾವಿಯ ಪೈಪನ್ನು ಬಾಗಿಲಾಚೆ ಎಳೆದು ಬೀನ್ಸ್ ಸಾಲಿಗೆ ಬಿಟ್ಟರೆ, ಮೇಕೆಯ ಮುಂದೆ ಒಂದು ಬಕೆಟ್ ಇಟ್ಟರೆ ನಿಯಮ ಮುರಿದಂತೆ. ಸೂರಿನ ನೀರನ್ನಾದರೂ ಹಿಡಿಯೋಣವೆಂದರೆ, 2016ರ ಕಾನೂನು ಮನೆಯೊಂದಕ್ಕೆ ಒಪ್ಪಿರುವುದು ಎರಡು ಪೀಪಾಯಿ, ಎರಡೂ ಸೇರಿ 110 ಗ್ಯಾಲನ್. ಅಂದರೆ ಸುಮಾರು 416 ಲೀಟರ್. ಬಾವಿ ಕೊರೆಸುವ ಖರ್ಚು ಎಷ್ಟೋ ಸಲ ನಿವೇಶನದ ಬೆಲೆಯನ್ನೇ ಮೀರಿಸುವುದರಿಂದ ಬಯಲಿನ ಹಲವರು ಪಿಕಪ್ ಗಾಡಿಯಲ್ಲಿ ಟ್ಯಾಂಕ್ ಇಟ್ಟುಕೊಂಡು ನೀರು ಹೊರುತ್ತಾರೆ. ಟೆಡ್ ಕಾನೋವರ್ 2022ರ ತಮ್ಮ ‘ಚೀಪ್ ಲ್ಯಾಂಡ್ ಕೊಲೊರಾಡೊ’ ಪುಸ್ತಕದಲ್ಲಿ ಚಿತ್ರಿಸಿದ್ದು ಇದೇ ಸೀಮೆಯ ಜನರನ್ನು. ಅಲ್ಲಿ ಜಾಗ ನೋಡಹೊರಡುವವರು ಅದನ್ನು ಓದಿಯೇ ಹೋಗಬೇಕು.

ಅದೇ ಕೌಂಟಿಯ ಇನ್ನೊಂದು ಮಗ್ಗುಲು ಬೇರೆಯೇ ಕಥೆ ಹೇಳುತ್ತದೆ. ಕೌಂಟಿ ಕೇಂದ್ರವಾದ ಸಾನ್ ಲೂಯಿಸ್ 1851ರಲ್ಲಿ ನೆಲೆಗೊಂಡ ಊರು, ಕೊಲೊರಾಡೊದ ಅತ್ಯಂತ ಹಳೆಯ ಪಟ್ಟಣ. ನ್ಯೂ ಮೆಕ್ಸಿಕೊ ಕಡೆಯಿಂದ ಬಂದ ಸ್ಪ್ಯಾನಿಷ್ ಭಾಷಿಕ ಕುಟುಂಬಗಳು ಕುಲೇಬ್ರ ಹೊಳೆಯಿಂದ ಕಾಲುವೆ ತೋಡಿದವು. ಹೀಗೆ ಹುಟ್ಟಿದ ‘ಪೀಪಲ್ಸ್ ಡಿಚ್’ಗೆ 1852ರ ಹಕ್ಕು, ಇಡೀ ರಾಜ್ಯದ ನೀರಿನ ಸರದಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಇಂಥ ಕಾಲುವೆಗಳನ್ನು ಅಸೇಕ್ಯ ಎನ್ನುತ್ತಾರೆ. ಹೊಲಗಳನ್ನು ಹಂಚಿದ ರೀತಿಯನ್ನು ನಿಂತು ನೋಡಬೇಕು: ಅಗಲ ಕಿರಿದು, ಉದ್ದ ಹಿರಿದು, ಹೊಳೆಯ ದಡದಿಂದ ಗುಡ್ಡದ ಕಡೆಗೆ ಸಾಗುವ ಪಟ್ಟಿಗಳು. ಪ್ರತಿ ಮನೆಗೂ ಒಂದಿಷ್ಟು ತರಿ, ಒಂದಿಷ್ಟು ಖುಷ್ಕಿ, ಒಂದಿಷ್ಟು ಹುಲ್ಲು. ವಸಂತದಲ್ಲಿ ಎಲ್ಲರೂ ಗುದ್ದಲಿ ಹಿಡಿದು ಹೂಳೆತ್ತುತ್ತಾರೆ, ಮಯೊರ್ಡೊಮೊ ಎಂಬ ನೀರಗಂಟಿ ಸರದಿ ನೋಡಿಕೊಳ್ಳುತ್ತಾನೆ. ಬರ ಬಂದರೆ ಕೊನೆಯವನ ತೂಬು ಮುಚ್ಚುವುದಿಲ್ಲ, ಇದ್ದುದನ್ನೇ ಹಂಚಿಕೊಳ್ಳುತ್ತಾರೆ. ಈ ಪದ್ಧತಿಯನ್ನು ರಾಜ್ಯ 2009ರಲ್ಲಿ ಕಾನೂನಿನಲ್ಲೇ ಮಾನ್ಯ ಮಾಡಿತು.

ಊರ ಪಕ್ಕದಲ್ಲೇ 600 ಎಕರೆಗೂ ಮಿಕ್ಕಿದ ವೇಗ ಎಂಬ ಗೋಮಾಳವಿದೆ. ಮೇಲಿನ ಬೆಟ್ಟವನ್ನು 1960ರಲ್ಲಿ ಜ್ಯಾಕ್ ಟೇಲರ್ ಎಂಬ ಮರದ ವ್ಯಾಪಾರಿ ಕೊಂಡು ಜನರನ್ನು ಹೊರಗಟ್ಟಿದ. ದನ ಮೇಯಿಸುವ, ಸೌದೆ ಮತ್ತು ಮರ ತರುವ ಹಕ್ಕನ್ನು ಹಳೆಯ ಹಿಡುವಳಿಗಳ ಇಂದಿನ ಒಡೆಯರಿಗೆ ರಾಜ್ಯದ ಸುಪ್ರೀಂ ಕೋರ್ಟ್ ಮರಳಿ ಕೊಟ್ಟದ್ದು 2002ರಲ್ಲಿ. ನಲವತ್ತು ವರ್ಷ ಬಿಡದೆ ಹೋರಾಡಿದ ಈ ಊರಿನ ಬಗ್ಗೆ ಗೌರವ ಉಕ್ಕುತ್ತದೆ.

ಹಾಗಾಗಿ ಕೊಸ್ಟೀಯ ಒಳ್ಳೆಯದೇ, ಕೆಟ್ಟದ್ದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸೌರವಿದ್ಯುತ್ತು, ಇಂಟರ್‌ನೆಟ್, ಏಕಾಂತ ಇಷ್ಟೇ ಸಾಕೆನ್ನುವವರು ಬಯಲಿನ ಐದೆಕರೆಯಲ್ಲಿ ಇರಬಹುದು. ಅವರೂ ಶೌಚಗುಂಡಿಯ ಪರವಾನಗಿ ಪಡೆಯಲೇಬೇಕು. 2015ರ ಸುಮಾರಿಗೆ ಕೌಂಟಿ ಈ ನಿಯಮಗಳನ್ನು ಬಿಗಿ ಮಾಡಿದಾಗ ದೊಡ್ಡ ಜಗಳವೇ ನಡೆಯಿತು. ನಕ್ಷೆಯಲ್ಲಿರುವ ರಸ್ತೆ ನೆಲದ ಮೇಲೆ ಇದೆಯೇ, ಹಿಮ ಸರಿಸಲು ಯಾರಾದರೂ ಬರುತ್ತಾರೆಯೇ ಎಂದು ಜನವರಿಯಲ್ಲಿ ಹೋಗಿ ನೋಡಬೇಕು. ತೋಟ, ಮೇಕೆ, ಕೋಳಿ ಬೇಕೆನ್ನುವವರು ಒಂದೋ 35 ಎಕರೆ ಹುಡುಕಬೇಕು, ಆಗ ಬಾವಿಯಿಂದ ದನಕರುಗಳಿಗೆ ನೀರುಣಿಸಿ ಒಂದೆಕರೆ ತೋಟ ಮಾಡಲು ಅವಕಾಶ ಸಿಗಬಹುದು. ಇಲ್ಲವೇ ಬೆಲೆ ಹೆಚ್ಚಾದರೂ ಕುಲೇಬ್ರ ದಡದ ಪಟ್ಟಿಯನ್ನೇ ನೋಡಬೇಕು. ಕ್ರಯಪತ್ರದಲ್ಲಿ ಕಾಲುವೆಯ ಪಾಲು ಸೇರಿದೆಯೇ ಎಂದು ಓದಿ ನೋಡಿ, ಆಮೇಲೆ ಮುಂಗಡ ಕೊಡಬೇಕು.