ಬರವಣಿಗೆ ಸಂಶೋಧನೆಯ ಕೊನೆಯ ಕೆಲಸವೇ?

ಅಳತೆಗಳು ಮುಗಿದಿವೆ, ಕೋಷ್ಟಕಗಳು ಸಿದ್ಧವಾಗಿವೆ. ಆದರೂ ಪ್ರಬಂಧದ ಮೊದಲ ವಾಕ್ಯ ಮೂಡುತ್ತಿಲ್ಲ. ಸಂಶೋಧನೆಯಲ್ಲಿ ತೊಡಗಿರುವ ನಿಮ್ಮಲ್ಲಿ ಹಲವರಿಗೆ ಈ ಸ್ಥಿತಿ ಪರಿಚಿತ. ಇಂಗ್ಲಿಷ್ ಸಾಲದು ಎಂದು ಸಮಾಧಾನ ಹೇಳಿಕೊಳ್ಳುವುದು ವಾಡಿಕೆ. ಆದರೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಸಾಯನವಿಜ್ಞಾನಿ ಜಾರ್ಜ್ ವೈಟ್‌ಸೈಡ್ಸ್ 2004ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಪ್ರಬಂಧ ರಚನೆಯ ಬಗ್ಗೆ ಬರೆದ ಮೂರು ಪುಟಗಳನ್ನು ಓದಿದರೆ, ಕಾರಣ ಬೇರೆಡೆ ಇದೆ ಎಂಬುದು ಸ್ಪಷ್ಟವಾಗುತ್ತದೆ.

ಅವರ ವಾದ ಸರಳ. ಪ್ರಬಂಧವೆಂದರೆ ಮುಗಿದ ಕೆಲಸವನ್ನು ಕಾಪಿಡುವ ಕಡತವಷ್ಟೇ ಅಲ್ಲ. ನಡೆಯುತ್ತಿರುವ ಕೆಲಸದ ಯೋಜನೆಯೂ ಹೌದು. ಆದ್ದರಿಂದ ಅದರ ರೂಪುರೇಷೆಯನ್ನು ಸಂಶೋಧನೆಯ ಆರಂಭದಲ್ಲೇ ಬರೆಯಬೇಕು. ಅದರಲ್ಲಿ ಗದ್ಯ ಅತ್ಯಲ್ಪ. ಚಿತ್ರ, ಕೋಷ್ಟಕ, ಸಮೀಕರಣಗಳೇ ಮುಖ್ಯ.

ಒಂದು ಉದಾಹರಣೆ ನೋಡಿ. ಅರೆವಾಹಕವೊಂದರ ರೋಧವನ್ನು ಬೇರೆ ಬೇರೆ ತಾಪಗಳಲ್ಲಿ ಅಳೆದಿದ್ದೀರಿ. ರೋಧದ ಲಾಗರಿತಮ್ ಅನ್ನು ನಿರಪೇಕ್ಷ ತಾಪದ ವ್ಯುತ್ಕ್ರಮದ ಎದುರು ಗುರುತಿಸಿದಾಗ, ಹೆಚ್ಚಿನ ತಾಪಗಳಲ್ಲಿ ಸರಳರೇಖೆ ಬರುತ್ತದೆ. ಅದರ ಇಳಿಜಾರಿನಿಂದ ಶಕ್ತಿ ಅಂತರ ದೊರೆಯುತ್ತದೆ. ಕಡಿಮೆ ತಾಪಗಳಲ್ಲಿ ಬಿಂದುಗಳು ರೇಖೆಯಿಂದ ದೂರ ಸರಿಯುತ್ತವೆ. ಇದನ್ನು ನಕ್ಷೆಯ ಕೆಳಗೆ ಒಂದೇ ವಾಕ್ಯದಲ್ಲಿ ಬರೆಯಿರಿ. ತಕ್ಷಣ ಪ್ರಶ್ನೆ ಏಳುತ್ತದೆ: ಇದು ಕಶ್ಮಲಗಳ ಪರಿಣಾಮವೇ, ತಂತಿ ಜೋಡಣೆಯ ದೋಷವೇ? ಆ ವಾಕ್ಯವೇ ನಿಮ್ಮನ್ನು ಮತ್ತೆ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಎರಡು ವರ್ಷ ಕಳೆದು ಬರೆಯಲು ಕುಳಿತವನಿಗೆ ಆ ಅವಕಾಶ ಉಳಿದಿರುವುದಿಲ್ಲ. ಅವನನ್ನು ತಡೆಯುವುದು ಭಾಷೆಯಲ್ಲ, ಕೇಳದೆ ಬಿಟ್ಟ ಪ್ರಶ್ನೆ.

ಅಚ್ಚಾದ ಪ್ರಬಂಧದ ಕ್ರಮ ಆಲೋಚನೆಯ ಕ್ರಮವಲ್ಲ. ನೊಬೆಲ್ ಪುರಸ್ಕೃತ ಪೀಟರ್ ಮೆಡಾವರ್ 1963ರಲ್ಲೇ ಈ ರೂಪವನ್ನು ಟೀಕಿಸಿ, ವಿಜ್ಞಾನ ಪ್ರಬಂಧ ಒಂದು ವಂಚನೆಯೇ ಎಂದು ಕೇಳಿದ್ದರು. ಆದರೂ ನಾವು ಪ್ರಯೋಗ ದಾಖಲೆ ಪುಸ್ತಕದಿಂದಲೇ ಉದ್ದೇಶ, ಉಪಕರಣ, ವಿಧಾನ ಎಂದು ಮೇಲಿನಿಂದ ಕೆಳಕ್ಕೆ ಬರೆಯಲು ಕಲಿಸುತ್ತೇವೆ. ಪೀಠಿಕೆಯ ಮುಂದೆ ವಿದ್ಯಾರ್ಥಿ ನಿಂತುಬಿಡುವುದರಲ್ಲಿ ಆಶ್ಚರ್ಯವೇನಿದೆ?

ಈ ವಿಧಾನಕ್ಕೂ ಮಿತಿಗಳಿವೆ. ರೂಪುರೇಷೆ ಮಾರ್ಗದರ್ಶಕರ ಬಳಿಗೆ ಹೋಗಿ ಬಂದು ಪಕ್ವವಾಗಬೇಕು. ಅದನ್ನು ತಿಂಗಳುಗಟ್ಟಲೆ ಮೇಜಿನ ಮೇಲಿಡುವ ಕಡೆ ಇದು ಫಲಿಸದು. ಮೊದಲೇ ಬರೆದ ತೀರ್ಮಾನಕ್ಕೆ ಅಳತೆಗಳನ್ನು ಬಗ್ಗಿಸುವ ಅಪಾಯವೂ ಉಂಟು. ರೂಪುರೇಷೆಯನ್ನು ಅಳತೆಗೆ ತಕ್ಕಂತೆ ತಿದ್ದಬೇಕೇ ಹೊರತು ಅಳತೆಯನ್ನು ರೂಪುರೇಷೆಗಲ್ಲ.

ಅಧ್ಯಾಪಕರು ಒಂದು ಪ್ರಯತ್ನ ಮಾಡಬಹುದು. ಮುಂದಿನ ಪ್ರಯೋಗ ತರಗತಿಯಲ್ಲಿ ‘ಉದ್ದೇಶ’ ಬರೆಯಿಸುವ ಮೊದಲು, ನಕ್ಷೆ ಏನು ಹೇಳುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ವಾಕ್ಯ ಬರೆಯಿಸಿ. ಇಂಗ್ಲಿಷ್ ಆಮೇಲೆ ಬಂದೀತು.