ಆಪ್ತರೆಂಬ ಮಾತಿನ ಹೊಣೆ

ಕಾಲೇಜು ವಿದ್ಯಾರ್ಥಿಗಳ ಮನಃಕ್ಲೇಶವನ್ನೂ ವ್ಯಾಸಂಗದ ತೊಡಕುಗಳನ್ನೂ ಕೇಳಿ ದಾರಿ ತೋರುವ ಕಾರ್ಯಕ್ಕೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎಂಬ ಹೆಸರು ರೂಢಿಯಾಗಿದೆ. ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ಯಥಾರ್ಥವನ್ನು ಬಲ್ಲವನು, ಬಲ್ಲುದನ್ನು ಹಾಗೆಯೇ ನುಡಿಯುವವನು. ಮನೆಮಾತಿನಲ್ಲಿಯಾದರೋ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವನು. ಈ ಎರಡು ಅರ್ಥಗಳಿಗೂ ಸಲ್ಲುವಂತೆ ನಡೆದುಕೊಳ್ಳಬೇಕಾದ ಹೊಣೆಯನ್ನು ಹೆಸರಿನೊಡನೆಯೇ ಹೊತ್ತುಕೊಂಡ ಈ ಪದ್ಧತಿಯು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂತಹ ಬಯಲುಸೀಮೆಯ ಊರುಗಳಲ್ಲಿ ಎಷ್ಟರಮಟ್ಟಿಗೆ ಸಾರ್ಥಕವಾಗಿದೆಯೆಂಬುದು ವಿಚಾರಾರ್ಹವಾದ ಸಂಗತಿ.

ಈ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳು 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದವು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ಮನೆಗಳಿಂದ, ಕಾಲೇಜಿನ ಮೆಟ್ಟಿಲನ್ನು ಹಿಂದೆ ಯಾರೂ ತುಳಿಯದ ಕುಟುಂಬಗಳಿಂದ, ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಓಡುವ ಮಕ್ಕಳು ಇಲ್ಲಿ ಬಹಳ. ಸೆಮಿಸ್ಟರಿನಲ್ಲಿ ‘ಬ್ಯಾಕ್’ ಉಳಿದ ಪತ್ರಿಕೆಯನ್ನು ಎಂದು ಕಟ್ಟಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಯಾವ ಯಾವ ದಾಖಲೆಗಳನ್ನು ಹೊಂದಿಸಬೇಕು, ಪದವಿಯಾದ ಮೇಲೆ ಬಿ.ಎಡ್. ಲೇಸೋ ಸ್ಪರ್ಧಾತ್ಮಕ ಪರೀಕ್ಷೆ ಲೇಸೋ ಎಂಬಂತಹ ಪ್ರಶ್ನೆಗಳನ್ನು ಮನೆಯಲ್ಲಿ ಯಾರನ್ನೂ ಕೇಳಲಾರದ ಇವರಿಗೆ ಅಧ್ಯಾಪಕರು ಕೊಡುವ ಸಲಹೆ ನಿಜವಾಗಿಯೂ ಉಪಕಾರಕವಾದುದು. ವ್ಯಾಸಂಗಸಂಬಂಧವಾದ ಈ ಭಾಗವನ್ನು ನಾನು ಮುಕ್ತಕಂಠದಿಂದ ಪ್ರಶಂಸಿಸುತ್ತೇನೆ.

ಅಂತರಂಗದ ಮಾತು ಬಂದಾಗ ಮಾತ್ರ ಪದ್ಧತಿಯು ಎಡವುತ್ತದೆ. 1994ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್ ಸಂಸ್ಥೆಯು ಕಾಲೇಜುಗಳ ಗುಣವನ್ನು ಅಳೆಯುವಾಗ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಿರುವರೇ ಎಂದು ಕೇಳುತ್ತದೆ, ಕೇಳುವುದು ಉಚಿತವೇ. ಆದರೆ ನಾನು ಕಂಡ ಒಂದು ಕಾಲೇಜಿನಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಒಂದು ರಿಜಿಸ್ಟರು ಬೆಳೆಯಿತೇ ಹೊರತು ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಸಿದ್ಧವಾಗಲಿಲ್ಲ. ಸ್ಟಾಫ್ ರೂಮಿನ ಮೇಜಿನ ಮುಂದೆ, ಹತ್ತು ಜನರ ಕಿವಿಗೆ ಬೀಳುವಂತೆ, ಮನೆಯವರು ಮದುವೆಗೆ ಅವಸರಪಡಿಸುತ್ತಿರುವುದನ್ನು ಯಾವ ಹೆಣ್ಣುಮಗಳು ತಾನೇ ಹೇಳಿಯಾಳು? ಅದಕ್ಕಿಂತಲೂ ಮೂಲಭೂತವಾದ ದೋಷ ಇನ್ನೊಂದಿದೆ. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಕೊಡುವ ಕೈಯೂ ಕಣ್ಣೀರನ್ನು ಒರೆಸುವ ಕೈಯೂ ಒಂದೇ ಆದಾಗ, ಆ ಅಧ್ಯಾಪಕರು ಎಷ್ಟೇ ಸಹೃದಯರಾಗಿರಲಿ, ವಿದ್ಯಾರ್ಥಿಯು ತನ್ನ ದುಃಖವನ್ನು ಅಳೆದು ಸುರಿದು ಹೇಳುತ್ತಾನೆಯೇ ಹೊರತು ಬಿಚ್ಚಿ ಹೇಳಲಾರ. ಸರ್ಕಾರಿ ಕಾಲೇಜುಗಳಲ್ಲಿ ಈ ಹೊಣೆ ಅನೇಕ ವೇಳೆ ಅತಿಥಿ ಉಪನ್ಯಾಸಕರ ಮೇಲೆ ಬೀಳುತ್ತದೆ. ಮುಂದಿನ ವರ್ಷ ತಾವೇ ಇರುವೆವೋ ಇಲ್ಲವೋ ಎಂಬ ಅನಿಶ್ಚಯದಲ್ಲಿ ಬದುಕುವವರನ್ನು ಇನ್ನೊಬ್ಬರ ಅಭಯಸ್ಥಾನವೆಂದು ನಿಯಮಿಸುವುದು ಅವರಿಗೂ ಅನ್ಯಾಯ.

ಪಾವಗಡದಲ್ಲಿ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಬಹುಪಾಲು ಆಂಧ್ರದಿಂದ ಸುತ್ತುವರಿಯಲ್ಪಟ್ಟ ಆ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ನೋವು ಮೊದಲು ಮೂಡುವುದು ಮನೆಯ ಮಾತಿನಲ್ಲಿ. ಅದೂ ‘ಖಿನ್ನತೆ’ ಎಂಬ ಪುಸ್ತಕದ ಪದವನ್ನು ಧರಿಸಿ ಬರುವುದಿಲ್ಲ. ತಲೆನೋವೆಂದು, ನಿದ್ದೆ ಹತ್ತದೆಂದು, ‘ಯಾಕೋ ಬೇಜಾರು ಸಾರ್’ ಎಂದು ಬರುತ್ತದೆ. ಇದನ್ನು ಗುರುತಿಸುವುದಕ್ಕೆ ಸದ್ಭಾವನೆಯೊಂದೇ ಸಾಲದು, ಶಿಕ್ಷಣ ಬೇಕು.

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳ ಮರಣದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ತರಬೇತಿ ಪಡೆದ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕೆಂದು ವಿಧಿಸಿತು. ಈ ನಾಲ್ಕೂ ಊರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಆ ಮಿತಿಯನ್ನು ಮೀರಿದವುಗಳೇ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಅದು ಅಮೂಲ್ಯವಾದ ಸೌಕರ್ಯ. ಆದರೂ ಒಂದೇ ಕೋಣೆಯ ಮನೆಯಲ್ಲಿ, ಅಣ್ಣನ ಕೈಯಲ್ಲಿರುವ ಫೋನನ್ನು ಬೇಡಿ ಪಡೆಯಬೇಕಾದ ಹುಡುಗಿಗೆ ಆ ಸಂಖ್ಯೆಯು ಗೋಡೆಯ ಮೇಲಿನ ಬರೆಹವಾಗಿಯೇ ಉಳಿಯುತ್ತದೆ. ಅವಳಿಗೆ ಬೇಕಾದುದು ಅಂಕ ಕೊಡುವ ಅಧಿಕಾರವಿಲ್ಲದ, ತರಬೇತಿಯುಳ್ಳ ಒಬ್ಬಾಕೆ. ಬಾಗಿಲಿರುವ ಒಂದು ಕೋಣೆ. ಅದೂ ತರಗತಿಗಳು ಮುಗಿದ ಮೇಲಲ್ಲ, ನಡುಹಗಲಿನ ಬಿಡುವಿನಲ್ಲಿ, ಊರಿನ ಬಸ್ಸು ಹೊರಡುವುದಕ್ಕೆ ಬಹಳ ಮುಂಚೆ.